ಗಿಣ್ಣು ಹಾಲಿಗೆ ಯಾಕಿಷ್ಟು ಅವಸರ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮ ಪುಣೆ ಹತ್ತಿರದ ಕುದುರೆ ಫಾರ್ಮ್‌ನಲ್ಲಿ ಕೆಲಸಕ್ಕಿದ್ದಾನೆ. ಮರಿ ಹುಟ್ಟಿದ ರಾತ್ರಿ ಅದಕ್ಕೆ ಗಿಣ್ಣು ಹಾಲು ಕುಡಿಸುವ ತನಕ ಮಲಗುವುದೇ ಇಲ್ಲ. ಅಷ್ಟು ಅವಸರ ಬೇಕಾ?
– ಓದುಗರು, ಹಡಪಸರ

ಉತ್ತರ: ಬೇಕು ಅಕ್ಕಾ, ಖಂಡಿತ ಬೇಕು. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು (ರೋಗಾಣುಗಳ ವಿರುದ್ಧ ಹೋರಾಡುವ ಪ್ರೋಟೀನುಗಳು) ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಹೋಗುತ್ತವೆ. ಕುದುರೆಯ ಮಾಸು ಅವನ್ನು ದಾಟಲು ಬಿಡುವುದಿಲ್ಲ. 11 ತಿಂಗಳು ಒಳಗಿದ್ದರೂ ಮರಿ ಹೆಚ್ಚುಕಡಿಮೆ ಬರಿಗೈಯಲ್ಲೇ ಹುಟ್ಟುತ್ತದೆ. ರೋಗ ತಡೆಯುವ ಶಕ್ತಿ ಗಿಣ್ಣು ಹಾಲಿನಿಂದಲೇ ಬರಬೇಕು. ಮರಿಯ ಕರುಳು ಅದನ್ನು ಚೆನ್ನಾಗಿ ಹೀರುವುದು ಮೊದಲ ಕೆಲವು ಗಂಟೆ ಮಾತ್ರ. 24 ಗಂಟೆ ಆಗುವಷ್ಟರಲ್ಲಿ ಆ ದಾರಿ ಮುಚ್ಚಿಹೋಗುತ್ತದೆ.

ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಕಂದು ಮರಿ ಬೇಗ ಎದ್ದು ನಿಂತಿತ್ತು. ಕುಡಿದಿರುತ್ತದೆ ಅಂದುಕೊಂಡೆ. ತಾಯಿಯ ಕೆಚ್ಚಲು ಮುಟ್ಟಿ ನೋಡಲಿಲ್ಲ. ಅದು ತುಂಬಿಕೊಂಡೇ ಇತ್ತು. ನಾಲ್ಕನೇ ದಿನ ಮರಿ ತೀರಿಕೊಂಡಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಮರುದಿನ ಮರಿಯ ರಕ್ತದಲ್ಲಿ ಐಜಿಜಿ, ಅಂದರೆ ಗಿಣ್ಣು ಹಾಲಿನಿಂದ ಬರುವ ಮುಖ್ಯ ಪ್ರತಿಕಾಯ, ಎಷ್ಟಿದೆ ಅಂತ ನೋಡಿಸಲು ತಮ್ಮನಿಗೆ ಹೇಳಿ. ಡೆಸಿಲೀಟರಿಗೆ 800 ಮಿಲಿಗ್ರಾಂ ದಾಟಿದ್ದರೆ ನೆಮ್ಮದಿ. 400ಕ್ಕಿಂತ ಕೆಳಗಿದ್ದರೆ ತಡಮಾಡದೆ ವೈದ್ಯರನ್ನು ಕರೆಸಿ, ದೊಡ್ಡ ಕುದುರೆಯ ಪ್ಲಾಸ್ಮಾ (ಪ್ರತಿಕಾಯಗಳಿರುವ, ರಕ್ತದ ದ್ರವಭಾಗ) ಕೊಡಿಸಬೇಕಾಗುತ್ತದೆ.