ಎಸ್‌ಟಿಪಿ ನೀರಿನಲ್ಲಿ ನಮ್ಮ ಮಾತ್ರೆ ಗೊತ್ತಾಗುತ್ತಾ?

ವೈಟ್‌ಫೀಲ್ಡಿನ ನಿಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ನೀರು ಪರೀಕ್ಷಿಸಿದರೆ, ನೀವು ಶುಗರ್ ಮಾತ್ರೆ ತಗೊಳ್ಳೋದು ಬಯಲಾಗುತ್ತಾ ಅಂತ ಕೇಳಿದ್ದೀರಿ. ಇಲ್ಲ. ಅಲ್ಲಿ ಎಲ್ಲರ ಮನೆ ನೀರೂ ಬೆರೆತಿರುತ್ತದೆ, ಒಟ್ಟು ಬಳಕೆಯ ಅಂದಾಜಷ್ಟೇ ಸಿಗುವುದು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಅಂತೂ ಈ ಅಂದಾಜಿಗೆ ಹೇಳಿ ಮಾಡಿಸಿದ ಹಾಗಿದೆ: ದೇಹ ಅದನ್ನು ಒಡೆಯುವುದಿಲ್ಲ, ನುಂಗಿದ್ದು ಹೆಚ್ಚುಕಡಿಮೆ ಹಾಗೇ ಹೊರಬರುತ್ತದೆ. 24 ಗಂಟೆ ಸ್ವಲ್ಪ ಸ್ವಲ್ಪವೇ ನೀರು ಹಿಡಿದು, ಅದರಲ್ಲಿ ಔಷಧಿ ಎಷ್ಟಿದೆ ಅಂತ ಅಳೆದು, ಹರಿವಿನಿಂದ ಗುಣಿಸಿ, ಜನಸಂಖ್ಯೆಯಿಂದ ಭಾಗಿಸುತ್ತಾರೆ. ನಮ್ಮೂರಲ್ಲಿ ತಲೆ ಎಣಿಸೋದೇ ಕಷ್ಟ, ಹಗಲು ಆಫೀಸಿನವರು, ರಾತ್ರಿ ಪಿಜಿಯವರು! ಜೊತೆಗೆ ಹಳೇ ಮಾತ್ರೆಗಳನ್ನು ಸುಮ್ನೆ ಕಮೋಡಿಗೆ ಸುರಿಯುವವರೂ ಲೆಕ್ಕ ಕೆಡಿಸುತ್ತಾರೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೈನ್ ತರಹದ ಔಷಧಿಯಾದರೆ ದೇಹದಲ್ಲಿ ಬದಲಾದ ರೂಪವನ್ನೂ ಅಳೆದು, ನುಂಗಿದ್ದೋ ಸುರಿದಿದ್ದೋ ಅಂತ ಊಹಿಸಬಹುದು. ಮೆಟ್‌ಫಾರ್ಮಿನ್‌ನಲ್ಲಿ ಅದೂ ಆಗಲ್ಲ. ಬರೀ ಹತ್ತಿಪ್ಪತ್ತು ಮನೆಯ ಪೈಪಿಗೇ ಬಾಟಲಿ ಹಿಡಿದರೆ ಮಾತ್ರ, ಅಷ್ಟು ಕಡಿಮೆ ಜನರಲ್ಲಿ ಯಾರು ಅಂತ ಊಹಿಸೋದು ಸುಲಭವಾದ್ದರಿಂದ, "ಯಾಕೆ?" ಅಂತ ಅಸೋಸಿಯೇಷನ್‌ನಲ್ಲಿ ಕೇಳಿ.