ಕೆಲಸದ ಜಾಗದಲ್ಲಿ ಭಕ್ತಿ, ಸೇವೆ ಇರಬೇಕೇ?

ಇರಲಿ, ಬಲವಂತ ಬೇಡ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಆಯುಧಪೂಜೆಗೆ ಯಂತ್ರ ತೊಳೆದು, ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚುತ್ತಾರೆ. ಅವತ್ತು ಮ್ಯಾನೇಜರೂ ಹೆಲ್ಪರೂ ಒಟ್ಟಿಗೆ ನಿಲ್ಲುತ್ತಾರೆ. ನನಗೆ ಅದೇ ದೊಡ್ಡದು. ಬೇರೆ ಧರ್ಮದವರು, ನಂಬದವರು ದೂರ ನಿಂತರೆ ಯಾರೂ ಮುಖ ಸಿಂಡರಿಸಬಾರದು, ಅಷ್ಟೆ.

ಸೇವೆಯ ವಿಷಯದಲ್ಲಿ ಮಾತ್ರ ಹುಷಾರು. 12ನೇ ಶತಮಾನದ ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಇಟ್ಟರು: ದುಡಿ, ದುಡಿದದ್ದನ್ನು ಹಂಚು. ಆ ಶರಣರಲ್ಲೊಬ್ಬರಾದ ಆಯ್ದಕ್ಕಿ ಲಕ್ಕಮ್ಮ, ಗಂಡ ಅಗತ್ಯಕ್ಕಿಂತ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದರಂತೆ. ಹಂಚಬೇಕಾದದ್ದು ಇದ್ದವರು. ಆದರೆ ಕೆಲವು ಮಾಲೀಕರು ‘ಸೇವೆ ಅಂದ್ಕೊಂಡು ಮಾಡಪ್ಪ’ ಎಂದು ಓವರ್‌ಟೈಮ್ ದುಡ್ಡನ್ನೇ ನುಂಗುತ್ತಾರೆ. ಕಾರ್ಖಾನೆ ಕಾನೂನಿನಲ್ಲಿ ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ದರದ ಕೂಲಿ ಇದೆ. ಅದನ್ನು ಕೇಳಿ ಪಡೆಯಿರಿ.