ಅಲಮೇಲುವನ್ನು ಯಾರು ಕೇಳಿದರು?

ನಾನು ಆಪ್ತಸಮಾಲೋಚಕಿ. ಸಿನಿಮಾ ವಿಷಯಕ್ಕೆ ಮಾತು ಬಿಟ್ಟವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಅಣ್ಣ ತಮ್ಮ, ಹಳೇ ಸ್ನೇಹಿತರು, ಒಮ್ಮೊಮ್ಮೆ ಬೀಗರು ಕೂಡ. ಕರೆದುಕೊಂಡು ಬಂದವರದು ಒಂದೇ ದೂರು: "ಇಷ್ಟು ವಯಸ್ಸಾದ್ರೂ ಆ ಹೀರೋ ಈ ಹೀರೋ ಅಂತ ಕಿತ್ತಾಡ್ತಾರೆ. ಸ್ವಲ್ಪ ಬುದ್ಧಿ ಹೇಳಿ." ನಾನು ಹೇಳುವುದಿಲ್ಲ. ಅಭಿಮಾನ ಕಾಯಿಲೆ ಅಲ್ಲ. ಎಷ್ಟೋ ಗಂಡಸರು ಜೀವನದಲ್ಲಿ ಗಂಟಲು ಕಟ್ಟಿ ಮಾತಾಡಿದ್ದು ಸಿನಿಮಾ ಬಗ್ಗೆ ಮಾತ್ರ. ಅದನ್ನೂ ನಿಲ್ಲಿಸಿದರೆ ಇನ್ನೇನು ಉಳಿಯುತ್ತೆ?

ಈ ದಂಪತಿಯನ್ನು ಕರೆತಂದದ್ದು ಮಗಳು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.) ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಆಕೆ ಮದುವೆಯಾದ ಹೊಸದರಲ್ಲಿ ಹೈಸ್ಕೂಲ್ ಟೀಚರ್. ಅತ್ತೆ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟವರು ಮತ್ತೆ ಹೋಗಲಿಲ್ಲ.

ಯಜಮಾನರ ಪ್ರಾಣ 'ನಾಗರಹಾವು'. 1972ರ ಪುಟ್ಟಣ್ಣ ಕಣಗಾಲರ ಚಿತ್ರ. ರಾಮಾಚಾರಿಯಾಗಿ ವಿಷ್ಣುವರ್ಧನ್, ಅಲಮೇಲು ಆಗಿ ಆರತಿ, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್, ಚಿಕ್ಕದೊಂದು ಪುಂಡನ ಪಾತ್ರದಲ್ಲಿ ಅಂಬರೀಶ್. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸ್ನೇಹಿತರ ಜೊತೆ ಇವರ ವಾದ ನಿಂತಿದ್ದೇ ಇಲ್ಲ. ಆ ಚಿತ್ರ ಆದ ಮೇಲೆ ಯಾರು ಏನಾದರು ಅನ್ನೋದೇ ವಿಷಯ. ವಿಷ್ಣು ಹೊಡೆದಾಟದ ಚಿತ್ರಗಳಲ್ಲಿ ಕಳೆದುಹೋದರು ಅಂತ ಇವರು. ಹಾಗಾದರೆ 'ಬಂಧನ' ಏನು, 'ಮುತ್ತಿನ ಹಾರ' ಏನು ಅಂತ ಸ್ನೇಹಿತರು. ಅಂಬರೀಶ್ 'ಅಂತ' ಚಿತ್ರದಿಂದ ಎಲ್ಲಿಗೋ ಹೋದವರು, ರಾಜಕೀಯಕ್ಕೆ ಬರಬೇಕಿತ್ತಾ ಅಂತ ಇನ್ನೊಂದು ಸುತ್ತು. ಆರತಿ ವಿಷಯದಲ್ಲಿ ಮಾತ್ರ ಬೆಂಚಿನ ಎಲ್ಲರದೂ ಒಂದೇ ತೀರ್ಪು. 1980ರ ದಶಕದಲ್ಲಿ ನಟನೆ ಬಿಟ್ಟು ಅಮೆರಿಕಕ್ಕೆ ಹೋಗಿ "ಕೈಯಾರೆ ಹಾಳು ಮಾಡ್ಕೊಂಡ್ರು."

ಈ ಮಾತು ಮನೆಯಲ್ಲೂ ಮತ್ತೆ ಮತ್ತೆ ಬರುತ್ತಿತ್ತು. 2018ರಲ್ಲಿ ಚಿತ್ರ ಹೊಸ ರೂಪದಲ್ಲಿ ತೆರೆಗೆ ಬಂದಾಗ ಇಬ್ಬರೂ ಹೋಗಿ ನೋಡಿದರು. ಆಮೇಲೆ ಆಕೆ ಊಟಕ್ಕೆ ಬಡಿಸುವುದು ಬಿಟ್ಟರೆ ಮಾತೇ ಆಡುತ್ತಿರಲಿಲ್ಲ. ಕಾರಣ ಯಜಮಾನರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮೊದಲ ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಆಮೇಲೊಂದು ದಿನ ನಾನು ಸುಮ್ನೆ ಕೇಳಿದೆ: "ಆ ಚಿತ್ರದಲ್ಲಿ ನಿಮಗೆ ಇಷ್ಟವಾದ ದೃಶ್ಯ ಯಾವುದು?" ಯಜಮಾನರು ತಡಮಾಡಲಿಲ್ಲ. ಚಾಮಯ್ಯ ಮೇಷ್ಟ್ರು ಅಲಮೇಲುವನ್ನು ಬಿಟ್ಟುಬಿಡು ಅಂತ ರಾಮಾಚಾರಿಯನ್ನು ಒಪ್ಪಿಸುವುದು. ಗುರುವಿನ ಮಾತಿಗಾಗಿ ಹುಡುಗ ಪ್ರೀತಿಯನ್ನೇ ಬಿಡುತ್ತಾನಲ್ಲ, ಎಂಥಾ ತ್ಯಾಗ ಅಂತ ಕಣ್ಣು ಒರೆಸಿಕೊಂಡರು.

ಆಕೆ ಸೆರಗು ಸರಿಮಾಡಿಕೊಂಡು ಅಂದರು: "ಮೇಷ್ಟ್ರು ರಾಮಾಚಾರಿನ ಕೇಳಿದ್ರು. ಅಲಮೇಲುನ ಯಾರು ಕೇಳಿದ್ರು?"

ಯಜಮಾನರು ನಕ್ಕರು. "ಅದು ಸಿನಿಮಾ ಕಣೇ."

"ಸಿನಿಮಾನೇ ರೀ. ಬೇರೆ ಕಡೆ ಮದುವೆಯಾಗಿ ಅವಳ ಬಾಳು ಏನಾಯ್ತು ಅಂತ ನೀವೇ ನೋಡಿದ್ರಲ್ಲ. ನೀವು ಅಳೋದು ಅವನಿಗೆ. ಆರತಿ ಕೆಲಸ ಬಿಟ್ರು ಅಂತಲೂ ಇಷ್ಟು ವರ್ಷ ಸಂಕಟ ಪಟ್ಟಿದ್ದೀರಿ. ನಾನು ಬಿಟ್ಟಾಗ ಒಂದು ಮಾತು ಕೇಳಿದ್ರಾ?"

ಯಜಮಾನರು ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು "ತಪ್ಪಾ..." ಅಂತ ಶುರು ಮಾಡಿದರು. ನಾನು ಅಲ್ಲೇ ತಡೆದೆ. "ಸರ್, ಈಗ ಕ್ಷಮೆ ಕೇಳಬೇಡಿ."

ಈ ಮಾತಿಗೆ ಮಗಳು ನನ್ನ ಮೇಲೆ ಸಿಟ್ಟಾದಳು. ಸಹೋದ್ಯೋಗಿಯೊಬ್ಬರೂ ಒಪ್ಪಲಿಲ್ಲ. ಒಬ್ಬ ಗಂಡಸು ತಾನಾಗಿ ತಗ್ಗಿದಾಗ ತಡೆಯುವುದಾ ಅಂದರು. ನಾನು ಈಗಲೂ ಅದನ್ನೇ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಯಜಮಾನರು "ತಪ್ಪಾಯ್ತು" ಅಂದರೆ ಹೆಂಡತಿ "ಹೋಗ್ಲಿ ಬಿಡಿ" ಅನ್ನಲೇಬೇಕು. ಬೇರೆ ಉತ್ತರಕ್ಕೆ ಅಲ್ಲಿ ಜಾಗವೇ ಇಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದ ವಿಷಯ ಎರಡು ಮಾತಿಗೆ ಮುಗಿದುಹೋಗುತ್ತದೆ, ಅದೂ ಏನಂತ ಗೊತ್ತಾಗುವ ಮೊದಲೇ. ಕ್ಷಮೆ ಬೇಕು. ಯಾವುದಕ್ಕೆ ಅಂತ ತಿಳಿದ ಮೇಲೆ ಬೇಕು.

ನಾನು ಕೊಟ್ಟ ಕೆಲಸ ಇಷ್ಟೇ. ಒಂದು ಸಂಜೆ ಪಾರ್ಕಿಗೆ ಹೋಗದೆ ಮನೆಯಲ್ಲಿ ಕೂತು, ಕೆಲಸ ಬಿಟ್ಟ ದಿನಗಳು ಹೇಗಿದ್ದವು ಅಂತ ಆಕೆಯನ್ನು ಕೇಳಬೇಕು. ಅವರು ಹೇಳಿದ್ದಕ್ಕೆ ಆವತ್ತು ಉತ್ತರ ಕೊಡಬಾರದು. "ನಮ್ಮಮ್ಮನಿಗೆ ಆಗ ಬೇರೆ ಯಾರಿದ್ರು" ಅನ್ನುವುದಂತೂ ಬೇಡವೇ ಬೇಡ.

ಇನ್ನೊಂದು ಮಾತೂ ಹೇಳಿದೆ. ಪಾತ್ರದ ಬಗ್ಗೆ, ಚಿತ್ರದ ಆಯ್ಕೆ ಬಗ್ಗೆ ಎಷ್ಟು ಬೇಕಾದರೂ ಕಿತ್ತಾಡಿ. ನಟರ ಬದುಕಿಗೆ "ಹಾಳು ಮಾಡ್ಕೊಂಡ್ರು" ಅಂತ ಮಾರ್ಕ್ಸ್ ಹಾಕಬೇಡಿ. ಆರತಿ ಯಾಕೆ ಬಿಟ್ಟರು ಅನ್ನೋದು ಅವರಿಗೆ ಗೊತ್ತು. 2005ರಲ್ಲಿ 'ಮಿಠಾಯಿ ಮನೆ' ಅಂತ ಮಕ್ಕಳ ಚಿತ್ರ ನಿರ್ದೇಶಿಸಿದರು, ಅದನ್ನು ಬೆಂಚಿನ ಮೇಲೆ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆರತಿಗೆ ಈ ತೀರ್ಪು ಕೇಳಿಸುವುದಿಲ್ಲ. ಒಳಗೆ ಒಗ್ಗರಣೆ ಹಾಕುತ್ತಿರುವವರಿಗೆ ಕೇಳಿಸುತ್ತದೆ. ಮನೆಗಾಗಿ ಕೆಲಸ ಬಿಟ್ಟವರು ಇದನ್ನು ತಮಗೇ ಹೇಳಿದ್ದು ಅಂದುಕೊಳ್ಳುತ್ತಾರೆ, ಅದು ಸಹಜ ಅಲ್ವಾ?

ಮುಂದಿನ ಭೇಟಿಯಲ್ಲಿ ಮೊದಲು ಮಾತಾಡಿದ್ದು ಆಕೆಯೇ. "ಕೇಳಿದ್ರು. ಆವತ್ತು ಇವರು ಕೇಳಿದ್ದಿದ್ರೂ ನಾನು ಕೆಲಸ ಬಿಡ್ತಾ ಇದ್ದೆ ಅಂತ ಹೇಳ್ದೆ. ಅತ್ತೆ ಅಂದ್ರೆ ನನಗೂ ಪ್ರೀತಿ ಇತ್ತು." ಯಜಮಾನರಿಗೆ ಇದು ಇನ್ನೂ ಅರಗಿರಲಿಲ್ಲ. "ಹಂಗಾದ್ರೆ ಇಷ್ಟು ದಿನ ಕೋಪ ಯಾಕೆ ಮೇಡಂ?" ಅಂತ ನನ್ನನ್ನೇ ಕೇಳಿದರು. ಅದನ್ನೂ ಅವರನ್ನೇ ಕೇಳಿ ಅಂದೆ. ಅವರು ಹೆಂಡತಿಯ ಕಡೆ ತಿರುಗಿದರು. ಆ ದಿನ ಉಳಿದ ಹೊತ್ತೆಲ್ಲ ಅವರಿಬ್ಬರದೇ ಮಾತು. ಕ್ಷಮೆಯ ಮಾತೂ ಬಂತು. ಆಕೆ "ಹೋಗ್ಲಿ ಬಿಡಿ" ಅನ್ನಲಿಲ್ಲ, "ಆಯ್ತು" ಅಂದರು.

ವಾದ ನಿಂತಿಲ್ಲ. ಈಗ ಮನೆಯಲ್ಲೇ ಜಾಸ್ತಿ. ಆರತಿ ನಟಿಸಿದ 'ರಂಗನಾಯಕಿ' ಮತ್ತೆ ನೋಡಿ, ಅದು 'ನಾಗರಹಾವು'ಗಿಂತ ದೊಡ್ಡ ಚಿತ್ರ ಅಂತ ಆಕೆ ಹಟ ಹಿಡಿದಿದ್ದಾರಂತೆ. ಯಜಮಾನರು ಸುತರಾಂ ಒಪ್ಪುತ್ತಿಲ್ಲ. ಮಗಳು ಫೋನ್ ಮಾಡಿ, "ಮೊದಲು ಅಪ್ಪ ಒಬ್ಬರೇ ಕಿರುಚ್ತಿದ್ರು, ಈಗ ಇಬ್ಬರೂ" ಅಂತ ದೂರಿದಳು. ಮತ್ತೆ ಕರೆದುಕೊಂಡು ಬರಲಾ ಅಂದಳು. ಬೇಡ ಅಂದೆ.